ಬಚ್ಚಲಿನ ಕೆಳಗೆ ಮೂರು ಬೆರಳು ನೀರು

ಚಿತ್ತಾಪುರದ ಹೊಸ ಮನೆಗೆ ಬಂದು ಇಪ್ಪತ್ತು ದಿನ ಆಗಿತ್ತು. ಬೆಳಿಗ್ಗೆ ಹಾಲು ಕಾಯಿಸುತ್ತ ನಿಂತಿದ್ದೆ. ದೇವರ ಕೋಣೆಯಲ್ಲಿ ಅತ್ತೆ ಬಾರಿಸುತ್ತಿದ್ದ ಗಂಟೆ ನಡುವೆಯೇ ನಿಂತಿತು. ಪೂಜೆಗೆ ಕೂತ ಮೇಲೆ ಅವರು ಮಾತಾಡುವವರಲ್ಲ. ಏನಾದರೂ ಬೇಕಾದರೆ ಕೈಸನ್ನೆ ಮಾಡುತ್ತಾರೆ. ಅವತ್ತು ಬಾಯಿಬಿಟ್ಟು ಹೇಳಿದರು.

"ಎಲ್ಲೋ ಇಲಿ ಸತ್ತದ ನೋಡು."

ವಾಸನೆ ನನಗೂ ಬಂದಿತ್ತು. ಇಲಿ ಹುಡುಕಿದೆವು. ಇನ್ನೂ ಬಿಚ್ಚದೆ ಇಟ್ಟಿದ್ದ ಗಂಟುಗಳನ್ನೆಲ್ಲ ಪಡಸಾಲೆಗೆ ಎಳೆದೆ, ಹಿತ್ತಾಳೆ ಪಾತ್ರೆಗಳ ಚೀಲ ಕೊಡವಿದೆ, ಏಣಿ ಹಾಕಿ ಅಟ್ಟ ನೋಡಿದೆ. ಇಲಿ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ವಾಸನೆಯೂ ಇರಲಿಲ್ಲ. ಎರಡು ದಿನ ಬಿಟ್ಟು ಮತ್ತೆ ಬಂತು. ಈ ಸಲ ಅದು ಎಲ್ಲಿಂದ ಬರುತ್ತಿದೆ ಎಂದು ತಿಳಿಯಿತು. ದೇವರ ಕೋಣೆಗೂ ಬಚ್ಚಲಿಗೂ ನಡುವೆ ಒಂದೇ ಗೋಡೆ. ಬಚ್ಚಲಿನ ಮೂಲೆಯ ಜಾಳಿಗೆಯ ಮೇಲೆ ಬಗ್ಗಿದರೆ ಕೊಳೆತ ಮೊಟ್ಟೆಯಂಥ ನಾತ ಮುಖಕ್ಕೆ ರಾಚುತ್ತಿತ್ತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಆ ಅನಿಲದ ಹೆಸರು, ಸೂತ್ರ ಎರಡೂ ನನಗೆ ಬಾಯಿಪಾಠ. ಅದರಿಂದ ಮೂರು ಕಾಸಿನ ಉಪಯೋಗ ಆಗಲಿಲ್ಲ.

ಅದಕ್ಕೆ ಮುಂಚೆ ಹದಿನಾಲ್ಕು ವರ್ಷ ನಾವು ಆದಿತ್ಯನಗರದ ಕ್ವಾರ್ಟರ್ಸಿನಲ್ಲಿದ್ದೆವು. ನನ್ನ ಗಂಡನದು ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಅಲ್ಲಿ ಬಚ್ಚಲು ಕಟ್ಟಿಕೊಂಡರೆ ಒಂದು ವಹಿಯಲ್ಲಿ ಮನೆ ಸಂಖ್ಯೆ ಬರೆದು ಬರುವುದು, ಯಾರೋ ಬಂದು ಸರಿಮಾಡುವುದು. ಹದಿನಾಲ್ಕು ವರ್ಷದಲ್ಲಿ ನಾನು ಒಮ್ಮೆಯೂ ಜಾಳಿಗೆ ಎತ್ತಿ ಕೆಳಗೆ ಏನಿದೆ ಎಂದು ನೋಡಿದವಳಲ್ಲ. ನೀರು ಸುರಿದರೆ ಹೋಗುತ್ತದೆ, ಅಷ್ಟೇ ನನ್ನ ತಿಳಿವಳಿಕೆ. ಅತ್ತೆಗೆ ವಯಸ್ಸಾಯಿತು, ಒಂದು ಸ್ವಂತ ಮನೆ ಇರಲಿ ಎಂದು ಚಿತ್ತಾಪುರದಲ್ಲಿ ಜಾಗ ತೆಗೆದುಕೊಂಡು ಕಟ್ಟಿಸಿದೆವು. ಕೆಳಗೆ ಪಡಸಾಲೆ, ಅಡುಗೆಮನೆ, ದೇವರ ಕೋಣೆ, ಬಚ್ಚಲು. ಮೇಲೆ ಒಂದು ಕೋಣೆ, ಅದಕ್ಕೊಂದು ಬಚ್ಚಲು. ಗಂಡ ಕೆಲಸದಿಂದ ಬಂದವರು ಮೈತುಂಬ ಧೂಳು ಹೊತ್ತು ಹೊರಗಿನ ಮೆಟ್ಟಿಲಿಂದ ನೇರವಾಗಿ ಮೇಲೆ ಹೋಗಿ, ದೊಡ್ಡ ಟಬ್ಬಿನಲ್ಲಿ ಬಟ್ಟೆ ನೆನೆಸಿ, ಸ್ನಾನ ಮುಗಿಸಿಕೊಂಡೇ ಕೆಳಗೆ ಬರುತ್ತಿದ್ದರು.

ವಾಸನೆಯ ವಿಷಯ ಅವರಿಗೆ ಹೇಳಿದರೆ ಮೂಗು ಎಳೆದು ನೋಡಿ, "ನನಗೇನೂ ಬರವಲ್ದು" ಎಂದರು. ಅದು ಸುಳ್ಳಲ್ಲ. ವರ್ಷಾನುಗಟ್ಟಲೆ ಧೂಳು ಕುಡಿದು ಅವರ ಮೂಗು ಸತ್ತುಹೋಗಿದೆ. ಒಲೆಯ ಮೇಲೆ ಸಾರು ಸೀದು ಹೊಗೆ ಎದ್ದರೂ ಕಣ್ಣು ಉರಿದ ಮೇಲೆಯೇ ಅವರಿಗೆ ಗೊತ್ತಾಗುವುದು. ಆದರೆ ತಮಗೆ ಬರದ ವಾಸನೆ ಇಲ್ಲವೇ ಇಲ್ಲ ಎಂಬಂತೆ ಅವರು ನಡೆದುಕೊಳ್ಳುತ್ತಿದ್ದರು. ಅತ್ತೆಗೋ ಇಲ್ಲದ ದಿನವೂ ವಾಸನೆ ಬರುತ್ತಿತ್ತು. ಈ ಎರಡು ಮೂಗುಗಳ ನಡುವೆ ನಾನು ಮೂರು ತಿಂಗಳು ಸಿಕ್ಕಿಬಿದ್ದೆ.

ಮನೆ ಕಟ್ಟಿದ ಮಿಸ್ತ್ರಿ ರಾವೂರದವನು. ಐದು ಸಲ ಫೋನ್ ಮಾಡಿದ ಮೇಲೆ ಬಂದ. ಅವನು ಬಂದ ದಿನ ಬಚ್ಚಲು ಕರ್ಪೂರದ ಡಬ್ಬಿಯಷ್ಟು ಶುದ್ಧವಾಗಿತ್ತು. "ಎಲ್ಲದರಿ ವಾಸನಿ?" ಎಂದು ಅವನು ಕೇಳಿದಾಗ ಅದಕ್ಕೆ ಸಾಕ್ಷಿ ತೋರಿಸಲು ನನ್ನಲ್ಲಿ ಏನೂ ಇರಲಿಲ್ಲ. ಶಾಲೆಯ ಸಹೋದ್ಯೋಗಿಯೊಬ್ಬರು ಟ್ರ್ಯಾಪ್ ಹಾಕಿದ್ದಾರೋ ಇಲ್ಲವೋ ಕೇಳಿ ಎಂದಿದ್ದರು. ಅದೇನು ಎಂದು ಸರಿಯಾಗಿ ಗೊತ್ತಿಲ್ಲದೆಯೇ ಕೇಳಿದೆ.

"ಹಾಕೀನ್ರಿ. ಯಾರ ಮನಿಗಿ ಬಿಟ್ರೂ ಅಕ್ಕೋರ ಮನಿಗಿ ಬಿಡ್ತೀನೇನ್ರಿ" ಎಂದ. ಜಾಳಿಗೆ ಎತ್ತಿ ಟಾರ್ಚ್ ಬಿಟ್ಟು ತೋರಿಸಿದ. ಒಳಗೆ ನೀರು ಮಿನುಗಿತು. ನೀರು ಕಂಡರೆ ಆಯಿತು, ಎಲ್ಲ ಸರಿ ಇದೆ ಎಂದ. ಹೊಸ ಮನೆಗೆ ಹೊಸದರಲ್ಲಿ ಹಿಂಗೇ ವಾಸನೆ ಇರುತ್ತದೆ, ವರ್ಷ ತುಂಬಿದರೆ ತಾನೇ ಹೋಗುತ್ತದೆ, ಅಲ್ಲಿತನಕ ಫಿನಾಯಿಲ್ ಹಾಕುತ್ತಿರಿ ಎಂದು ಚಹಾ ಕುಡಿದು ಹೋದ.

ಫಿನಾಯಿಲ್ ಹಾಕಿದೆ. ಸೋಡಾ ಹಾಕಿದೆ. ನುಸಿಗುಳಿಗೆ ಹಾಕಿದೆ. ಪಕ್ಕದ ಮನೆಯವರು ಲಿಂಬೆಹಣ್ಣು ಹಿಂಡಿ ಎಂದರು, ಹಿಂಡಿದೆ. ಜಾಳಿಗೆಯ ಮೇಲೆ ಒದ್ದೆ ಗೋಣಿ ಹಾಸಿ ಕಲ್ಲು ಹೇರಿದೆ. ಆಗ ಸ್ನಾನದ ನೀರು ಹೋಗದೆ ಬಚ್ಚಲು ಕೆರೆಯಾಯಿತು. ಪ್ರತಿ ಉಪಾಯದ ಮರುದಿನ ವಾಸನೆ ಇರುತ್ತಿರಲಿಲ್ಲ. ನಾನು ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಮತ್ತೆ ಬರುತ್ತಿತ್ತು. ಪಾಠ ಮಾಡುವಾಗಲೂ ಅದೇ ಯೋಚನೆ. ಪಟ್ಟಣದ ಯಾರ ಮನೆಗೆ ಹೋದರೂ ಮೊದಲು ಅವರ ಬಚ್ಚಲಿನತ್ತ ಮೂಗು ಹೋಗುತ್ತಿತ್ತು. ಅವರ ಮನೆಯಲ್ಲಿ ವಾಸನೆ ಇಲ್ಲದ್ದು ಕಂಡು ಹೊಟ್ಟೆ ಉರಿಯುತ್ತಿತ್ತು.

ಅತ್ತೆ ಒಂದು ಸೋಮವಾರ ದೇವರನ್ನೆಲ್ಲ ಬುಟ್ಟಿಯಲ್ಲಿಟ್ಟುಕೊಂಡು ಪಡಸಾಲೆಗೆ ಬಂದರು. ಗೊತ್ತಿದ್ದೂ ಗೊತ್ತಿದ್ದೂ ಸಾಲಿಗ್ರಾಮವನ್ನು ಆ ಹೊಲಸು ವಾಸನೆಯಲ್ಲಿ ಇಡಲಾರೆ ಎಂದು ಹೇಳಿ, ಕಿಟಕಿಯ ಕಟ್ಟೆಯ ಮೇಲೆ ಮಣೆ ಹಾಕಿಕೊಂಡರು. ನನ್ನ ಮೇಲೆ ಸಿಟ್ಟು ತೋರಿಸಲಿಲ್ಲ. ಅದೇ ಹೆಚ್ಚು ಚುಚ್ಚುತ್ತಿತ್ತು.

ಮನೆಗೆಲಸಕ್ಕೆ ಬರುತ್ತಿದ್ದವಳು ದಂಡೋತಿಯವಳು. ಕಾಗಿಣಾ ನದಿಯ ದಂಡೆಯಲ್ಲಿ ತಲೆತಲಾಂತರದಿಂದ ಇರುವ ಮನೆತನ. ಈಗ ಗಂಡ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಗೆ ಹೋಗುತ್ತಾನೆ, ಇವಳು ಟಂಟಂ ಆಟೋ ಹತ್ತಿ ಚಿತ್ತಾಪುರಕ್ಕೆ ಬಂದು ನಮ್ಮದೂ ಇನ್ನೊಂದು ಮನೆಯದೂ ಕೆಲಸ ಮಾಡಿ ಹೋಗುತ್ತಾಳೆ. ಮೂವತ್ತೈದರ ಆಸುಪಾಸು. ಮಾತು ಕಡಿಮೆ, ಕೈ ಚುರುಕು. ಬಚ್ಚಲಿಗೆ ದಿನಾ ಬ್ಲೀಚಿಂಗ್ ಪುಡಿ ಉದುರಿಸಿ ತಿಕ್ಕು ಎಂದು ಅವಳಿಗೆ ಹೇಳಿದ್ದೆ. ನಾನು ಹೇಳಿದ್ದನ್ನು ಅವಳು ಒಂದು ದಿನವೂ ತಪ್ಪಿಸಿದವಳಲ್ಲ.

ಫಾಲ್ಗುಣದಲ್ಲಿ ಮಾವನವರ ಶ್ರಾದ್ಧ ಬಂತು. ಹೊಸ ಮನೆಯಲ್ಲಿ ಮೊದಲ ಶ್ರಾದ್ಧ. ಚಿಂಚೋಳಿಯಿಂದ ನಾದಿನಿಯ ಸಂಸಾರ, ಸೇಡಂನಿಂದ ಇಬ್ಬರು ದಾಯಾದಿಗಳು ಬಂದರು. ಎಲ್ಲರೂ ಮೇಲಿನ ಬಚ್ಚಲಿನಲ್ಲಿ ಒಬ್ಬರಾದ ಮೇಲೆ ಒಬ್ಬರು ಮಡಿಸ್ನಾನ ಮಾಡಿದರು. ಕೆಲಸದವಳಿಗೆ ಅವತ್ತು ಬರಬೇಡವೆಂದು ಅತ್ತೆಯೇ ಹೇಳಿದ್ದರು. ಕೆಳಗೆ ಬ್ರಾಹ್ಮಣರಿಗೆ ಎಲೆ ಹಾಕಿ ಅನ್ನ ಬಡಿಸಿ, ತೊವ್ವೆಯ ಮೇಲೆ ತುಪ್ಪ ಹಾಕುವ ಹೊತ್ತಿಗೆ ಅದು ಬಂತು. ಅಷ್ಟು ಜೋರಾಗಿ ಅದಕ್ಕೆ ಮುಂಚೆ ಎಂದೂ ಬಂದಿರಲಿಲ್ಲ. ಪುರೋಹಿತರು ಉತ್ತರೀಯದ ಅಂಚನ್ನು ಮೂಗಿಗೆ ಒತ್ತಿಕೊಂಡರು. ಕೂತವರಲ್ಲಿ ಹಿರಿಯರೊಬ್ಬರು ತುತ್ತು ಎತ್ತಿದವರು ಹಾಗೆಯೇ ಎಲೆಯ ಮೇಲೆ ಇಟ್ಟರು.  ಊಟವೇನೋ ಮುಗಿಯಿತು. ಎಲೆಗಳ ಮೇಲೆ ಅರ್ಧಕ್ಕರ್ಧ ಅನ್ನ ಉಳಿದಿತ್ತು.

ಎಲ್ಲರೂ ಹೋದ ಮೇಲೆ ಅತ್ತೆ ಗೋಡೆಗೆ ಒರಗಿ ಕೂತರು. ಕೂತಲ್ಲಿಂದಲೇ ಹೇಳಿದರು.

"ಊರ ಮಂದಿಗೆಲ್ಲ ಕಲಸ್ತಿ. ಮನಿ ಬಚ್ಚಲಾ ಒಂದು ನೆಟ್ಟಗ ಇಟ್ಕೊಳ್ಳಿಕ್ಕೆ ಬರಲಿಲ್ಲ ನಿನಗ."

ನಾನು ಅಡುಗೆಮನೆಗೆ ಹೋಗಿ ಉಳಿದ ಅನ್ನವನ್ನು ಆಕಳಿಗೆ ಹಾಕಲು ಬಕೀಟಿಗೆ ತುಂಬುತ್ತ ಅತ್ತುಬಿಟ್ಟೆ. ಗಂಡ ಬಂದು ನಿಂತು, ಇಷ್ಟಕ್ಕೆಲ್ಲ ಯಾಕೆ ಅಳುವುದು, ವಾಸನೆ ಅಂಥಾದ್ದೇನೂ ಇರಲಿಲ್ಲ ಎಂದರು. ಕೈಯಲ್ಲಿದ್ದ ಸೌಟನ್ನು ಎಸೆಯಬೇಕೆನಿಸಿತು.

ಮರುದಿನ ಶಾಲೆಗೆ ಹೊರಡುವ ಮುಂಚೆ ನಾನು ಸಂಡಾಸು ತೊಳೆಯುವ ಆ್ಯಸಿಡ್ ಬಾಟಲಿ ತಂದು ಪೂರ್ತಿ ಆ ಜಾಳಿಗೆಯೊಳಗೆ ಸುರಿದೆ. ಸಿಟ್ಟಿನಲ್ಲಿ ಅರ್ಧ ಒಳಗೆ ಬಿತ್ತು, ಅರ್ಧ ನೆಲದ ಮೇಲೆ ಹರಡಿತು. ನೆಲಕ್ಕೆ ಹಾಕಿದ್ದು ಶಹಾಬಾದ ಕಲ್ಲು, ಎಂದರೆ ಸುಣ್ಣದಕಲ್ಲು. ಅದು ನೊರೆ ಎದ್ದು ಕುದಿಯಿತು. ಕುದಿಯುವುದನ್ನು ನೋಡಿ ನನಗೆ ಒಂದು ಬಗೆಯ ಸಮಾಧಾನ ಆಯಿತು ಎಂದು ಹೇಳಲು ನಾಚಿಕೆಯಾಗುತ್ತದೆ. ಬಚ್ಚಲಿಗೆ ಯಾರೂ ಹೋಗಬೇಡಿ ಎಂದು ಅತ್ತೆಗೆ ಹೇಳಿ, ಬಾಗಿಲು ಮುಂದೆ ಮಾಡಿ, ಬಸ್ಸಿಗೆ ಹೊತ್ತಾಯಿತೆಂದು ಓಡಿದೆ. ಕೆಲಸದವಳು ಬರುತ್ತಾಳೆ, ಬಂದವಳೇ ಬ್ಲೀಚಿಂಗ್ ಪುಡಿಯ ಡಬ್ಬಿ ಹಿಡಿಯುತ್ತಾಳೆ ಎಂಬುದು ನನ್ನ ತಲೆಗೆ ಬರಲಿಲ್ಲ. ಇವೆರಡೂ ಸೇರಿದರೆ ಏನಾಗುತ್ತದೆ ಎಂದು ನಾನು ಒಂಬತ್ತನೇ ತರಗತಿಗೆ ಪ್ರತಿ ವರ್ಷ ಹೇಳುತ್ತೇನೆ. ಹೊಗೆ ಹಳದಿ ಹಸಿರು ಬಣ್ಣ, ಉಸಿರಿಗೆ ವಿಷ ಎಂದು ಬೋರ್ಡಿನ ಮೇಲೆ ಬರೆಸುತ್ತೇನೆ.

ಎರಡನೇ ತರಗತಿ ನಡೆಯುವಾಗ ಅತ್ತೆಯ ಫೋನ್ ಬಂತು. ಅವರು ಫೋನ್ ಮಾಡುವವರಲ್ಲ. "ಲಗೂನ ಬಾ. ಆಕಿಗಿ ಉಸುರು ಹತ್ತವಲ್ದು" ಎಂದಷ್ಟೇ ಹೇಳಿದರು.

ನಡೆದದ್ದು ಪಕ್ಕದ ಮನೆಯವರಿಂದ ಆಮೇಲೆ ತಿಳಿಯಿತು. ಅವಳು ಹಿತ್ತಲ ಬಾಗಿಲಿಂದ ಬಂದದ್ದು ಪೂಜೆಗೆ ಕೂತಿದ್ದ ಅತ್ತೆಗೆ ಗೊತ್ತಾಗಿರಲಿಲ್ಲ. ಬಚ್ಚಲಿನಿಂದ ಕೆಮ್ಮು ಕೇಳಿಸಿತು. ನಂತರ ಏನೋ ಬಿದ್ದ ಸದ್ದು. ಎದ್ದು ಹೋಗಿ ನೋಡಿದರೆ ಅವಳು ಹೊಸ್ತಿಲ ಮೇಲೆ ಮುದುಡಿ ಬಿದ್ದಿದ್ದಳು. ಒಳಗೆಲ್ಲ ಹೊಗೆ. ಎಪ್ಪತ್ತಾರು ವರ್ಷದ ಅತ್ತೆ, ಮಡಿಸೀರೆಯ ಸೆರಗನ್ನು ಮೂಗಿಗೆ ಕಟ್ಟಿಕೊಂಡು, ಅವಳ ಎರಡೂ ರಟ್ಟೆ ಹಿಡಿದು ಪಡಸಾಲೆ ದಾಟಿಸಿ ಅಂಗಳದ ತನಕ ಎಳೆದು ತಂದಿದ್ದರು. ಪೂಜೆಗೆ ಇಟ್ಟಿದ್ದ ತಂಬಿಗೆಯ ನೀರನ್ನೇ ಅವಳ ಕಣ್ಣಿಗೆ ಹಾಕಿದ್ದರು. ನಾನು ಆಟೋ ಮಾಡಿಕೊಂಡು ಬಂದಾಗ ಅವಳ ತಲೆ ಅತ್ತೆಯ ತೊಡೆಯ ಮೇಲಿತ್ತು. ದೇವರ ಮುಂದೆ ದೀಪ ಹಾಗೇ ಇತ್ತು, ಆರತಿ ಆಗಿರಲಿಲ್ಲ.

ಸರಕಾರಿ ದವಾಖಾನೆಯಲ್ಲಿ ಆಮ್ಲಜನಕ ಕೊಟ್ಟರು. ಡಾಕ್ಟರು ಏನು ಏನು ಬೆರೆತಿದ್ದು ಎಂದು ಕೇಳಿದರು. ಹೇಳಿದೆ. ನೀವು ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ವಿಜ್ಞಾನ ಶಿಕ್ಷಕಿ ಎಂದೆ. ಅವರು ಪೆನ್ನನ್ನು ಕಾಗದದ ಮೇಲೆ ಒಂದು ಕ್ಷಣ ನಿಲ್ಲಿಸಿ, ಮತ್ತೆ ಬರೆಯತೊಡಗಿದರು. ಅವರು ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಅವಳ ಉಸಿರು ಹದಕ್ಕೆ ಬಂತು. ಕಣ್ಣು ಇನ್ನೂ ಕೆಂಪಗಿದ್ದವು. ಅವಳ ಗಂಡ ಗಣಿಯಿಂದ ಬಂದು ಮಂಚದ ಕಾಲ ಬಳಿ ಕೂತಿದ್ದ, ನನ್ನ ಮುಖ ನೋಡುತ್ತಿರಲಿಲ್ಲ. ನಾನು ತಪ್ಪಾಯಿತು ಎಂದೆ. ಅವಳು ಬೇರೆಯದನ್ನೇ ಹೇಳಿದಳು.

"ಅಕ್ಕೋರ, ಆ ನಾತ ಯಾವಾಗ ಬರ್ತದ ನಂಗ ಗೊತ್ತದ್ರಿ."

ಮಾತಾಡಬೇಡ, ಮಲಗು ಎಂದೆ. ಅವಳು ಕೇಳಲಿಲ್ಲ. ಒಂದೊಂದೇ ಮಾತಿಗೆ ಉಸಿರು ತೆಗೆದುಕೊಳ್ಳುತ್ತ ಹೇಳಿದಳು.

"ಸಾಹೇಬ್ರು ಮ್ಯಾಲ ಟಬ್ಬ ಡಬ್ಬ ಹಾಕ್ತಾರಲ್ರಿ, ಆಗ ತೆಳಗಿನ ಬಚ್ಚಲಾ ಗುಡುಗುಡು ಅಂತದ. ಜಾಳಿಗಿ ಒಳಗಿನ ನೀರು ಯಾರೋ ಕುಡದಂಗ ಹೋಗಿಬಿಡ್ತದ. ಆಮ್ಯಾಲ ನಾತ. ನಾ ಬಂದ ಕೂಡ್ಲೇ ಒಂದು ಬಕೀಟ ನೀರು ಹಾಕ್ತೀನ್ರಿ, ನಿಂದರ್ತದ. ನಾ ಬರಲಾರದ ದಿನ ನಿಮಗ ತ್ರಾಸ."

"ಮೊದಲೇ ಯಾಕ ಹೇಳಲಿಲ್ಲ?"

"ಹೇಳಿದ್ನೆಲ್ರಿ. ನೀವು ಪೇಪರ್ ತಿದ್ದಲಿಕತ್ತಿದ್ರಿ. ಹೂಂ ಅಂದ್ರಿ."

ಅವಳು ಹೇಳಿದ್ದು ನನಗೆ ನೆನಪಿಗೇ ಬರಲಿಲ್ಲ. ಹೂಂ ಎಂದದ್ದು ಮಾತ್ರ ನಿಜವಿರಬೇಕು. ತಿದ್ದುವಾಗ ನಾನು ಯಾರೇನೇ ಹೇಳಲಿ ಹೂಂ ಎನ್ನುತ್ತೇನೆ.

ಮನೆಗೆ ಬಂದು ಮೊದಲು ಮಾಡಿದ ಕೆಲಸ ಅದು ನಿಜವೋ ಸುಳ್ಳೋ ನೋಡಿದ್ದು. ಕೆಳಗಿನ ಜಾಳಿಗೆ ತೆಗೆದು ನೀರು ತುಂಬಿ, ಟಾರ್ಚ್ ಹಿಡಿದು ನೆಲದ ಮೇಲೆ ಕೂತೆ. ಗಂಡನಿಗೆ ಮೇಲೆ ಹೋಗಿ ಟಬ್ಬು ತುಂಬ ನೀರು ಒಂದೇ ಸಲ ಚೆಲ್ಲಿರೆಂದು ಹೇಳಿದೆ. ಅವರು ಗೊಣಗುತ್ತ ಹೋದರು. ಗೋಡೆಯೊಳಗೆ ನೀರು ಇಳಿದ ಸದ್ದು ಬಂತು. ನನ್ನ ಕಣ್ಣೆದುರೇ ಜಾಳಿಗೆಯ ತಳದ ನೀರು ನಡುಗಿತು, ಗುಡುಗುಡು ಎಂದಿತು, ಒಂದು ಸಲ ಎಳೆದಂತಾಗಿ ಮಾಯವಾಯಿತು. ಕೆಳಗೆ ಕಪ್ಪು ತೂತು. ಅರ್ಧ ನಿಮಿಷಕ್ಕೆ ನಾತ ಮೇಲೆದ್ದಿತು. ಅಲ್ಲಿಯೇ ಕೂತಿದ್ದೆ. ಎದ್ದು ದೂರ ಸರಿಯಬೇಕೆಂದೂ ಅನಿಸಲಿಲ್ಲ.

ಟ್ರ್ಯಾಪ್ ಎಂದರೆ ದೊಡ್ಡ ಯಂತ್ರವೇನಲ್ಲ. ಬಚ್ಚಲಿನ ನೀರು ಹೋಗುವ ದಾರಿಯಲ್ಲಿ ಬೇಕೆಂದೇ ಮಾಡಿದ ಒಂದು ತಗ್ಗು. ಕೊಳವೆ ಕೆಳಗಿಳಿದು ಮತ್ತೆ ಸ್ವಲ್ಪ ಮೇಲೆ ಹತ್ತಿ ಮುಂದೆ ಹೋಗುತ್ತದೆ. ಆ ತಗ್ಗಿನಲ್ಲಿ ಯಾವಾಗಲೂ ಒಂದಿಷ್ಟು ನೀರು ಉಳಿಯುತ್ತದೆ. ಹೊಸ ನೀರು ಹಾಕಿದರೆ ಹಳೆಯದನ್ನು ತಳ್ಳಿಕೊಂಡು ತಾನು ನಿಲ್ಲುತ್ತದೆ. ನಿಂತ ಆ ನೀರೇ ಬಾಗಿಲು. ಹಿತ್ತಲಿನ ಸೆಪ್ಟಿಕ್ ಗುಂಡಿಯ ಗಾಳಿ ಅದನ್ನು ದಾಟಿ ಮನೆಯೊಳಗೆ ಬರಲಾರದು. ಮೂರು ಬೆರಳಷ್ಟು ಆಳ ಇದ್ದರೆ ಸಾಕು. ನೀರು ಒಣಗಿದರೆ ಅಥವಾ ಯಾರಾದರೂ ಎಳೆದುಕೊಂಡರೆ ಬಾಗಿಲು ತೆರೆದಂತೆ. ನಮ್ಮ ಮನೆಯಲ್ಲಿ ಎಳೆದುಕೊಳ್ಳುತ್ತಿದ್ದುದು ಮೇಲಿನಿಂದ ಬೀಳುವ ನೀರು. ಅದು ಕೊಳವೆ ತುಂಬಿ ಕೆಳಗೆ ಧುಮುಕುವಾಗ ತನ್ನ ಹಿಂದೆ ಗಾಳಿಯನ್ನು ಸೆಳೆಯುತ್ತದೆ. ಗಾಳಿಗೆ ಬರಲು ಚಾವಣಿಯ ಮೇಲೆ ಒಂದು ತೆರೆದ ಕೊಳವೆ ಇರಬೇಕಿತ್ತು. ಮಿಸ್ತ್ರಿ ಅದನ್ನು ಹಾಕಿಯೇ ಇರಲಿಲ್ಲ. ಬೇರೆ ದಾರಿ ಇಲ್ಲದ ಗಾಳಿ ನಮ್ಮ ಬಚ್ಚಲಿನಿಂದ ನುಗ್ಗುತ್ತ, ಟ್ರ್ಯಾಪಿನ ನೀರನ್ನೂ ಒಯ್ಯುತ್ತಿತ್ತು.

ಒತ್ತಡ, ನಿರ್ವಾತ, ಸೈಫನ್. ಎರಡು ಬೀಕರು, ಒಂದು ರಬ್ಬರ್ ನಳಿಗೆ ಹಿಡಿದು ಇದನ್ನೇ ಎಷ್ಟು ವರ್ಷ ಕಲಿಸಿದ್ದೇನೋ. ಶ್ರಾದ್ಧದ ದಿನ ಎಂಟು ಜನ ಮೇಲೆ ಸ್ನಾನ ಮಾಡಿದಾಗ ಯಾಕೆ ಅಷ್ಟು ನಾತ ಬಂತೆಂದು ಆಗ ತಿಳಿಯಿತು. ಮಿಸ್ತ್ರಿ ಬಂದ ದಿನ ಗಂಡನಿಗೆ ರಜೆ ಇತ್ತು, ಟಬ್ಬು ಕೆಡವಿರಲಿಲ್ಲ. ತಿಳಿದದ್ದರಿಂದ ಸಂತೋಷವಾಗಲಿಲ್ಲ. ಇಷ್ಟು ಸಣ್ಣ ವಿಷಯಕ್ಕೆ ಒಬ್ಬಳ ಎದೆ ಸುಟ್ಟೆನಲ್ಲ ಎನಿಸಿತು.

ಮಿಸ್ತ್ರಿಯನ್ನು ಕರೆಸುವುದಕ್ಕೆ ಶಾಲೆಗೆ ರಜೆ ಬಿಡುವ ತನಕ ಕಾಯಬೇಕಾಯಿತು. ಕಾಗದದ ಮೇಲೆ ಚಿತ್ರ ಬರೆದು ತೋರಿಸಿದೆ. ಅವನು ಚಿತ್ರವನ್ನು ತಲೆಕೆಳಗಾಗಿ ಹಿಡಿದು ನೋಡಿ, ಗಾಳಿ ಕೊಳವೆ ಈ ಕಡೆ ಯಾರೂ ಹಾಕಿಸುವುದಿಲ್ಲ, ಅದೆಲ್ಲ ದೊಡ್ಡ ಊರಿನ ದೊಡ್ಡ ಕಟ್ಟಡಕ್ಕೆ ಎಂದ. ನಾನು ಹಟ ಬಿಡಲಿಲ್ಲ. ಕೊನೆಗೆ ಬಚ್ಚಲಿನ ಮೂಲೆಯ ಕಲ್ಲು ಒಡೆಸಿದೆ. ಟ್ರ್ಯಾಪ್ ಹೊರಗೆ ತೆಗೆದಾಗ ಬೆರಳು ಇಟ್ಟು ನೋಡಿದೆ. ಒಂದೇ ಬೆರಳು ಆಳ.

"ಇದೇನಿದು?" ಎಂದೆ.

ಅವನು ಹಾರೆಯ ಮೊನೆಯಿಂದ ಕೆಳಗಿನ ಕಲ್ಲನ್ನು ಕುಟ್ಟಿ ತೋರಿಸಿದ.

"ತೆಳಗ ಬಂಡಿ ಹತ್ತಿತ್ರಿ ಅಕ್ಕೋರ. ಒಡಿಲಿಕ್ಕ ಎರಡ ದಿನ ಬೇಕಿತ್ತು. ಮುಹೂರ್ತ ಬಂದದ, ಲಗೂ ಮುಗಸು ಅಂತ ನೀವೇ ಗಂಟ ಬಿದ್ದಿದ್ರಿ. ಅದಕ್ಕ ಗಿಡ್ಡಂದು ಕುಂದ್ರಿಸಿದೆ."

ಅವನು ಹೇಳಿದ್ದು ನಿಜ. ನಮ್ಮ ಕಡೆ ನೆಲ ಮೊಳದಾಳ ಕೆದರಿದರೆ ಸುಣ್ಣದಕಲ್ಲಿನ ಬಂಡೆ. ದಿನಕ್ಕೆರಡು ಸಲ ನಾನೇ ಬಂದು ಅವನ ತಲೆ ತಿಂದಿದ್ದೆ.  ಬಂಡೆ ಒಡಿ ಎಂದೆ. ಎರಡೂವರೆ ದಿನ ಉಳಿ ಸುತ್ತಿಗೆಯ ಸದ್ದು. ಅತ್ತೆ ಕಿವಿಗೆ ಹತ್ತಿ ಇಟ್ಟುಕೊಂಡು ಜಪ ಮಾಡಿದರು.

ಆಳದ ಟ್ರ್ಯಾಪ್ ಹುಡುಕುವುದು ಇನ್ನೊಂದು ಗೋಳು. ಚಿತ್ತಾಪುರದಲ್ಲಿ ಇರಲಿಲ್ಲ. ವಾಡಿಗೆ ಹೋದೆ. ಅಂಗಡಿಯವ ಜಿರಲೆ ಬರದ ಜಾಳಿಗೆ ತೋರಿಸಿದ. ಜಿರಲೆ ಅಲ್ಲ, ಗಾಳಿ ತಡೆಯಬೇಕು ಎಂದೆ. ಗಾಳಿಗೆ ಸುಗಂಧದ ಬಿಲ್ಲೆ ಕೊಟ್ಟ. ಅಲ್ಲಿಂದ ಶಹಾಬಾದಕ್ಕೆ ಹೋದೆ. ಅಲ್ಲಿನವರು ಎಲ್ಲ ಟ್ರ್ಯಾಪೂ ಒಂದೇ, ಎಷ್ಟು ನೀರು ನಿಂತರೇನು ಎಂದರು. ನಾನು ಚೀಲದಿಂದ ಸ್ಕೇಲ್ ತೆಗೆದು ಅಳೆಯತೊಡಗಿದಾಗ ಅಂಗಡಿಯಲ್ಲಿದ್ದ ನಾಲ್ಕು ಜನ ಕೆಲಸ ಬಿಟ್ಟು ನಿಂತು ನೋಡಿದರು. ಒಬ್ಬರು, "ಮನ್ಯಾಗ ಗಂಡಸರು ಇಲ್ಲೇನ್ರಿ?" ಎಂದು ಕೇಳಿದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಇದ್ದಾರೆ, ಅವರಿಗೆ ವಾಸನೆ ಬರುವುದಿಲ್ಲ ಎಂದು ಹೇಳಿದೆ. ಅದು ಅವರಿಗೆ ಅರ್ಥವಾಗಲಿಲ್ಲ. ಕೊನೆಗೆ ಸೇಡಂನ ಒಂದು ಹಳೆಯ ಅಂಗಡಿಯಲ್ಲಿ, ಧೂಳು ಹಿಡಿದ ಅಟ್ಟದ ಮೇಲೆ, ಮೂರು ಬೆರಳು ನೀರು ನಿಲ್ಲುವಂಥದ್ದು ಸಿಕ್ಕಿತು. ಅಂಗಡಿಯ ಮುದುಕರು ಅದನ್ನು ಒರೆಸಿ ಕೊಡುತ್ತ, ಇದನ್ನು ಕೇಳಿಕೊಂಡು ಬಂದವರು ಬಹಳ ದಿನದ ಮೇಲೆ ನೀವೇ ಎಂದರು.

ಅದನ್ನು ಕೂರಿಸಿ, ಗೋಡೆಗುಂಟ ಗಾಳಿ ಕೊಳವೆ ಏರಿಸಿ, ಚಾವಣಿಗಿಂತ ಆಳೆತ್ತರ ಮೇಲೆ ಬಿಟ್ಟೆವು. ಕೊಳವೆಯ ಬಾಯಿ ತುಳಸಿಕಟ್ಟೆಯಿಂದ ಕಾಣುತ್ತದೆ ಎಂದು ಅತ್ತೆ ಎರಡು ದಿನ ತಕರಾರು ತೆಗೆದರು. ಆಮೇಲೆ ಒಂದು ಬೆಳಿಗ್ಗೆ ದೇವರ ಬುಟ್ಟಿ ಎತ್ತಿಕೊಂಡು ಮತ್ತೆ ಕೋಣೆಯೊಳಗೆ ಹೋದರು. ಗಂಡ ಟಬ್ಬು ಕೆಡವಿದರು, ನಾನು ಟಾರ್ಚ್ ಹಿಡಿದು ನೋಡಿದೆ. ನೀರು ಸ್ವಲ್ಪ ಅಲುಗಾಡಿ ಅಲ್ಲಿಯೇ ನಿಂತಿತು. ಕೆಳಗೆ ಬಂದ ಗಂಡ ಮೂಗು ಎಳೆದು, ನಾನು ಮೊದಲಿನಿಂದ ಹೇಳುತ್ತಲೇ ಇದ್ದೆ, ವಾಸನೆ ಇರಲೇ ಇಲ್ಲ ಎಂದರು. ಈ ಮನುಷ್ಯನ ಜೊತೆ ಇಪ್ಪತ್ತಾರು ವರ್ಷ ಬಾಳಿದ್ದೇನೆ.

ದಂಡೋತಿಯವಳು ಮತ್ತೆ ಕೆಲಸಕ್ಕೆ ಬರಲಿಲ್ಲ. ಅವಳ ಗಂಡ ಬೇಡ ಎಂದಿದ್ದ. ಜೂನಿನಲ್ಲಿ ಒಂದು ಭಾನುವಾರ ನಾನೇ ಹೋದೆ. ಅತ್ತೆಯೂ ಬರುತ್ತೇನೆಂದರು. ಮೊಣಕಾಲು ನೋವಿನಲ್ಲಿ ಬೇಡವೆಂದೆ. ಒಂದು ಹೊಸ ಸೀರೆ, ಉಂಡಿ ಕಟ್ಟಿ ತುಂಬಿದ ಡಬ್ಬಿ ಕೊಟ್ಟು ಕಳಿಸಿದರು. ಅವಳು ನಡುಮನೆಯಲ್ಲಿ ಚಾಪೆ ಹಾಸಿ, "ಕುಂದ್ರಿ ಅಕ್ಕೋರ" ಎಂದಳು. ಮಾತಿನ ನಡುವೆ ಕೆಮ್ಮುತ್ತಿದ್ದಳು. ತಂಪು ಹವೆಗೆ ಹೆಚ್ಚಾಗುತ್ತದೆ ಎಂದಳು. ನಾನು ಕೆಮ್ಮು ಎಣಿಸುತ್ತ ಕೂತಿದ್ದೆ.

ಮನೆಯ ಹಿಂದೆ ಸಂಡಾಸು, ಬಚ್ಚಲು ಎರಡೂ ಸೇರಿದ ಒಂದು ಸಣ್ಣ ಕೋಣೆ ಕಟ್ಟಿಸಿಕೊಂಡಿದ್ದರು. ಬಾಗಿಲು ತೆಗೆದರೆ ಒಳಗೆ ಚಾವಣಿಯ ತನಕ ತೊಗರಿಕಟ್ಟಿಗೆ ಒಟ್ಟಿತ್ತು. ಯಾಕೆ ಎಂದು ಕೇಳಿದೆ. "ಅದರಾಗ ಯಾರು ನಿಂದರ್ತಾರ್ರಿ, ನಾತ" ಎಂದಳು. ಹೆಂಗಸರೆಲ್ಲ ಬೆಳಕು ಹರಿಯುವ ಮುಂಚೆ ಮೊದಲಿನಂತೆ ನದಿಯ ಕಡೆಗೇ ಹೋಗುತ್ತಾರೆ, ಸ್ನಾನಕ್ಕೆ ಹಿತ್ತಲಲ್ಲಿ ಸೀರೆ ಅಡ್ಡ ಕಟ್ಟಿಕೊಳ್ಳುತ್ತಾರೆ. ಮೂಲೆಯ ಕಟ್ಟಿಗೆ ಸರಿಸಿ ನೋಡಿದೆ. ಬಚ್ಚಲಿನ ತೂತಿನಿಂದ ಕೊಳವೆ ನೆಟ್ಟಗೆ ಗುಂಡಿಗೆ ಹೋಗಿತ್ತು. ತಗ್ಗಿಲ್ಲ, ನಿಂತ ನೀರಿಲ್ಲ. ಬರೀ ಬಯಲು ಬಾಗಿಲು.

ರಾವೂರದ ಮಿಸ್ತ್ರಿಗೆ ಹೇಳಿದೆ. ಈ ಭಾನುವಾರ, ಬರುವ ಭಾನುವಾರ ಎಂದು ಮೂರು ಭಾನುವಾರ ಕಳೆದ. ನಾಲ್ಕನೆಯದಕ್ಕೆ ಫೋನ್ ಎತ್ತಲಿಲ್ಲ. ನಾನೇ ಸೇಡಂಗೆ ಹೋಗಿ ಇನ್ನೊಂದು ಟ್ರ್ಯಾಪ್ ತಂದು ಅವಳ ಗಂಡನ ಕೈಗೆ ಕೊಟ್ಟೆ. ಹೇಗೆ ಕೂರಿಸಬೇಕೆಂದು ಚಿತ್ರ ಬರೆದು ಹೇಳಿದೆ. ದಿನವೆಲ್ಲ ಬಂಡೆ ಸೀಳುವ ಮನುಷ್ಯ, ಒಂದು ಮಧ್ಯಾಹ್ನದಲ್ಲಿ ನೆಲ ಅಗೆದು, ಅಳತೆಗೆ ಸರಿಯಾಗಿ ಕೂರಿಸಿ, ಸಿಮೆಂಟು ಸವರಿದ. ಅವನು ಅವತ್ತು ಮೊದಲ ಸಲ ನನ್ನೊಡನೆ ಮಾತಾಡಿದ. ಈ ನೀರು ಬೇಸಿಗೆಯಲ್ಲಿ ಒಣಗುವುದಿಲ್ಲವೇ ಎಂದು ಕೇಳಿದ. ಒಣಗುತ್ತದೆ, ಬಳಸದಿದ್ದರೆ ವಾರಕ್ಕೊಮ್ಮೆ ನೀರು ಹಾಕಬೇಕು ಎಂದೆ. ಇದನ್ನು ಮಿಸ್ತ್ರಿ ಕೂಡ ಕೇಳಿರಲಿಲ್ಲ.

ಮುಂದಿನ ತಿಂಗಳು ಹೋದಾಗ ಕೋಣೆಯ ಬಾಗಿಲ ಸಂದಿಯಲ್ಲಿ ಮತ್ತೆ ಕಟ್ಟಿಗೆ ಕಂಡಿತು. ನನಗೆ ಸಿಟ್ಟು ನೆತ್ತಿಗೇರಿತು. ಅವಳ ಅತ್ತೆ ಒಲೆಯ ಮುಂದಿನಿಂದಲೇ ಹೇಳಿದಳು, ಮಳೆ ಹಿಡಿದಿದೆ, ಕಟ್ಟಿಗೆ ಒದ್ದೆಯಾದರೆ ರೊಟ್ಟಿ ಹೇಗೆ ಸುಡುವುದು, ಮಳೆಗಾಲ ಹೋಗಲಿ, ಆಮೇಲೆ ನೋಡೋಣ.  ವಿಜ್ಞಾನದಲ್ಲಿ ಒದ್ದೆ ಕಟ್ಟಿಗೆಗೆ ಜಾಗ ಹುಡುಕುವ ಪಾಠ ಇಲ್ಲ.

ಇವಳು ನನ್ನನ್ನು ಹಿಂದೆ ಕರೆದುಕೊಂಡು ಹೋದಳು. ಸದ್ದಾಗದ ಹಾಗೆ ಬಾಗಿಲು ಸರಿಸಿದಳು. ಕಟ್ಟಿಗೆಯನ್ನೆಲ್ಲ ಸಂಡಾಸಿನ ಕಡೆಗೆ ಎತ್ತರಕ್ಕೆ ಒಟ್ಟಿ, ಬಚ್ಚಲಿನ ಮೂಲೆಯಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ತೆರವು ಮಾಡಿದ್ದಳು. ಅಲ್ಲೊಂದು ಕಲ್ಲು, ಕಲ್ಲಿನ ಮೇಲೆ ಸಾಬೂನಿನ ಚೂರು. ಮಗಳೂ ತಾನೂ ಈಗ ಇಲ್ಲಿಯೇ ಮೈ ತೊಳೆದುಕೊಳ್ಳುತ್ತೇವೆ, ಸಂಡಾಸಿನ ಕಡೆಯದು ದೀಪಾವಳಿ ಆದಮೇಲೆ ಎಂದಳು. ನಾನು ಬಗ್ಗಿ ಮೂಸಿ ನೋಡಿದೆ. ತೊಗರಿಕಟ್ಟಿಗೆಯ ಒಣ ವಾಸನೆ ಇತ್ತು, ಬೇರೇನೂ ಇರಲಿಲ್ಲ. ಅರ್ಧ ಕೆಲಸ ಆದಂತಾಯಿತು, ಅರ್ಧ ಉಳಿಯಿತು. ಚಹಾ ಕುಡಿದು ಹೊರಟೆ. ಊರ ಹೊರಗಿನ ಬೇವಿನ ಗಿಡದ ಕೆಳಗೆ ಜಿಟಿಜಿಟಿ ಮಳೆಯಲ್ಲಿ ಟಂಟಂ ಕಾಯುತ್ತ ಒಂದು ತಾಸು ನಿಂತೆ.